ಉಚ್ಚಂಗಮ್ಮನವರ ಕಾರ್ಡಿನಲ್ಲಿ ನನ್ನ ಹೆಸರು

ಶಿವಮೊಗ್ಗ
ಬುಧವಾರ, 18 ಜೂನ್ 2025

ಮಲ್ಲೇಶ್ ಅವರಿಗೆ ಸರಸ್ವತಿಯ ಶರಣು.

ಸಾವಾದ ಮನೆಗೆ ಕ್ಷೇಮ ಕೇಳಿ ಬರೆಯುವ ರೂಢಿಯಿಲ್ಲ, ನಾನೂ ಕೇಳುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ತಾಯಿಯವರ ಶಿವಗಣಾರಾಧನೆಯ ಕಾರ್ಡಿನ ಕರಡು ನಿನ್ನೆ ಮಧ್ಯಾಹ್ನ ನಮ್ಮ ಪ್ರೆಸ್ಸಿಗೆ ಬಂತು. ನಿಮ್ಮ ತಂಗಿ ಸುವರ್ಣ ನವುಲೆಯಿಂದ ಆಟೋ ಮಾಡಿಕೊಂಡು ತಾನೇ ತಂದುಕೊಟ್ಟಳು. ಭದ್ರಾವತಿಯಲ್ಲೇ ಬೇಕಾದಷ್ಟು ಪ್ರೆಸ್ಸುಗಳಿವೆ. ಅವನ್ನೆಲ್ಲ ಬಿಟ್ಟು ನಾನು ಕೆಲಸ ಮಾಡುವ ಕಡೆಗೇ ಕಳಿಸಿದ್ದೀರಿ ಎಂದರೆ ಅದು ಬರೀ ಅಚ್ಚಿನ ಕೆಲಸವಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಕರಡಿನ ಕೊನೆಯಲ್ಲಿ ದುಃಖತಪ್ತರ ಪಟ್ಟಿಯಿದೆ. ಅದರಲ್ಲಿ "ಮಗ: ಮಲ್ಲೇಶ್, ಸೊಸೆ: ಸರಸ್ವತಿ ಮಲ್ಲೇಶ್" ಎಂದು ಬರೆದಿದ್ದೀರಿ. ಜೊತೆಗೆ ಸುವರ್ಣಳ ಬಾಯಲ್ಲಿ ಒಂದು ಮಾತನ್ನೂ ಕಳಿಸಿದ್ದೀರಿ. ಪಾಪ, ಅವಳು ನೆಲ ನೋಡಿಕೊಂಡೇ ಹೇಳಿದಳು. "ಅತ್ತಿಗೆ, ಅಣ್ಣ ಹೇಳ್ದ. ಇಷ್ಟ್ ದಿನ ಅಡ್ಡ ಇದ್ದಿದ್ದು ಅವ್ವ. ಈಗ ಅವ್ವ ಇಲ್ವಲ್ಲ, ಬಂದ್ಬಿಡಕ್ಕೆ ಹೇಳು ಅಂದ."

ಅವಳಿಗೆ ಒಂದು ಲೋಟ ಟೀ ತರಿಸಿ ಕೊಟ್ಟೆ. ಆರಾಧನೆ ಬರುವ ಸೋಮವಾರ. ಕಾರ್ಡು ಹಂಚಬೇಕಾದರೆ ಇವತ್ತೇ ಅಚ್ಚಾಗಬೇಕು. ಅಂದರೆ ನನ್ನ ಹೆಸರು ನಿಮ್ಮ ಪಕ್ಕದಲ್ಲಿರಬೇಕೋ ಬೇಡವೋ, ನಾನು ಜನ್ನಾಪುರದ ಆ ಮನೆಗೆ ವಾಪಸು ಬರುತ್ತೇನೋ ಇಲ್ಲವೋ ಎಂಬುದೂ ಇವತ್ತೇ ತೀರ್ಮಾನವಾಗಬೇಕು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ಮೊದಲು ಕರಡಿನ ತಿದ್ದುಪಡಿ ಹೇಳಿಬಿಡುತ್ತೇನೆ, ಅದು ನನ್ನ ಕಸುಬು. "ಮೃದುಭಾಷಿಯೂ ಶಾಂತಸ್ವಭಾವದವರೂ ಆಗಿದ್ದ ಶ್ರೀಮತಿ ಉಚ್ಚಂಗಮ್ಮನವರು" ಎಂದು ಶುರು ಮಾಡಿದ್ದೀರಿ. ಯಾರ್ರೀ ಇದು? ನಾನು ಕಂಪ್ಯೂಟರಿನ ಮುಂದೆ ಕೂತವಳು ಜೋರಾಗಿ ನಕ್ಕುಬಿಟ್ಟೆ. ನಮ್ಮ ಮಾಲೀಕರು ಹರಿಪ್ರಸಾದರು ಗಾಬರಿಯಾಗಿ ಎದ್ದು ಬಂದರು. ತೋರಿಸಿದೆ. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಉಚ್ಚಂಗಮ್ಮ ಮೃದುಭಾಷೀನಾ? ಅವ್ರು ಜನ್ನಾಪುರದಲ್ಲಿ ಕೂಗಿದ್ರೆ ಹಳೇನಗರದಲ್ಲಿ ಬಾಗ್ಲು ತೆಗೀತಿದ್ರು ಮಾರಾಯ್ತಿ!" ಎಂದರು. ಆ ಸಾಲನ್ನು ತೆಗೆದುಹಾಕಿದ್ದೇನೆ.

ಅದರ ಬದಲು ಏನು ಬರೆಯಬೇಕು ಎಂದು ಯೋಚಿಸುತ್ತ ಕೂತೆ. ಮಾವ ಕೊಟ್ರಬಸಪ್ಪನವರು ತೀರಿಕೊಂಡಾಗ ನಿಮ್ಮ ತಾಯಿಗೆ ಮೂವತ್ತೈದು ವರ್ಷ. ನಿಮಗೆ ಹತ್ತು, ಸುವರ್ಣಳಿಗೆ ಆರು. ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟುಕೊಟ್ಟು ಜನ್ನಾಪುರದಲ್ಲಿ ಒಂದೂವರೆ ಕೋಣೆಯ ಮನೆ ಹಿಡಿದು, ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಂಟಿ ಗಂಡಸರಿಗೆ ಊಟದ ಕ್ಯಾರಿಯರ್ ಕಟ್ಟಲು ಶುರು ಮಾಡಿದರು. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ನಿಮ್ಮ ಕರಡಿನಲ್ಲಿ ಅದರ ಒಂದಕ್ಷರವೂ ಇಲ್ಲ. "ಗೃಹಿಣಿಯಾಗಿದ್ದರು" ಎಂದು ಮುಗಿಸಿದ್ದೀರಿ. ಹದಿನೆಂಟು ವರ್ಷ ದಿನಕ್ಕೆ ನಲವತ್ತು ಕ್ಯಾರಿಯರ್ ಕಟ್ಟಿದವರನ್ನು ಹಾಗೆ ಮುಗಿಸಲು ಬರುವುದಿಲ್ಲ. ತಮಿಳಿನವರಿಗೆ ತಮಿಳಲ್ಲಿ, ತೆಲುಗಿನವರಿಗೆ ತೆಲುಗಲ್ಲಿ ಬೈಯುವುದು ಕಲಿತಿದ್ದರು. ಹೊಗಳುವುದನ್ನು ಮಾತ್ರ ಯಾವ ಭಾಷೆಯಲ್ಲೂ ಕಲಿಯಲಿಲ್ಲ. ಉಪ್ಪು ಕಡಿಮೆ ಎಂದು ಯಾರಾದರೂ ಹೇಳಿ ಕಳಿಸಿದರೆ ಮರುದಿನ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಬರೀ ಉಪ್ಪು ತುಂಬಿ ಕಳಿಸುತ್ತಿದ್ದರಂತೆ. ಹಾಗೆ ಉಪ್ಪಿನ ಡಬ್ಬಿ ಬಿಚ್ಚಿದವರಲ್ಲಿ ಆಗ ಕಾರ್ಖಾನೆಯಲ್ಲಿದ್ದ ಹರಿಪ್ರಸಾದರೂ ಒಬ್ಬರು.

ನೀರಿನ ಜೀಪಿನ ಸಂಗತಿ ನಮ್ಮ ಮದುವೆಯಾದ ವರ್ಷದ್ದು. ಒಂಬತ್ತು ದಿನ ನಮ್ಮ ಬೀದಿಗೆ ನೀರು ಬಂದಿರಲಿಲ್ಲ. ಇಂಜಿನಿಯರ್ ಜೀಪು ಬೀದಿಯ ತುದಿಯಲ್ಲಿ ನಿಂತಿದ್ದೇ ತಡ, ಇವರು ಅಕ್ಕಿಯ ಮೊರ ಹಿಡಿದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ಇಳೀರಮ್ಮಾ ಎಂದು ಆ ಮನುಷ್ಯ ಎಷ್ಟು ಬೇಡಿಕೊಂಡರೂ ತಲೆ ಎತ್ತಲಿಲ್ಲ. "ನೀರು ಬಿಡಪ್ಪ, ಇಳೀತೀನಿ. ಅವಸರ ಏನಿಲ್ಲ, ಇನ್ನೂ ಎರಡು ಸೇರು ಐತೆ ಆರ್ಸಕ್ಕೆ," ಎಂದು ಕಲ್ಲು ಆರಿಸುತ್ತ ಕೂತರು. ಸಂಜೆ ನಾಲ್ಕಕ್ಕೆ ನೀರು ಬಂತು. ಹೊಸ ಸೊಸೆಯಾದ ನಾನು ಬಾಗಿಲ ಸಂದಿಯಿಂದ ನೋಡುತ್ತ, ದೇವರೇ, ಇವರ ಕೈಕೆಳಗೆ ಹೇಗಪ್ಪಾ ಬಾಳುವುದು ಎಂದು ಹೆದರಿದ್ದೆ. ಆ ಹೆದರಿಕೆಗೆ ಕಾರಣವಿರಲಿಲ್ಲ ಎಂದು ತಿಳಿಯಲು ನನಗೆ ಸುಮಾರು ವರ್ಷ ಬೇಕಾಯಿತು.

ಇನ್ನು ನಿಮಗೆ ಗೊತ್ತಿಲ್ಲದ ಸಂಗತಿಗಳು. ಅವರು ಪ್ರತಿ ಸೋಮವಾರ ಶಿವಮೊಗ್ಗಕ್ಕೆ ಮಠದ ಪ್ರವಚನಕ್ಕೆ ಹೋಗುತ್ತಾರೆ ಎಂದು ನೀವು ನಂಬಿದ್ದಿರಿ. ಈ ಹದಿನಾಲ್ಕು ವರ್ಷ ಎಂಟು ತಿಂಗಳಲ್ಲಿ ಅವರು ಒಂದೇ ಒಂದು ಪ್ರವಚನ ಕೇಳಿಲ್ಲ. ಒಂಬತ್ತೂವರೆಯ ಬಸ್ಸಿಗೆ ಹತ್ತಿ, ಸ್ಟ್ಯಾಂಡಿನಲ್ಲಿ ಇಳಿದು, ನಡೆದುಕೊಂಡು ನೇರ ನಮ್ಮ ಪ್ರೆಸ್ಸಿಗೆ ಬರುತ್ತಿದ್ದರು. ಕಾಗದದ ಬಂಡಲುಗಳ ಮೇಲೆ ಕಾಲು ಮಡಚಿ ಕೂತು, ಒಣಗಲು ಹರಡಿದ ಮದುವೆ ಕಾರ್ಡುಗಳನ್ನೆಲ್ಲ ಓದುತ್ತಿದ್ದರು. "ಈ ಹುಡ್ಗಿ ಹೆಸ್ರು ನೋಡೇ. ಇಷ್ಟುದ್ದ ಹೆಸ್ರು ಕರೆದು ಮುಗ್ಸೋ ಹೊತ್ಗೆ ಒಲೆ ಮೇಲಿನ ಹಾಲು ಉಕ್ಕೋಗಿರುತ್ತೆ." ಮಧ್ಯಾಹ್ನ ನನ್ನ ಬಾಡಿಗೆ ಮನೆಗೆ ಹೋಗಿ ಇಬ್ಬರೂ ಉಣ್ಣುತ್ತಿದ್ದೆವು. ನನ್ನ ಸಾರಿಗೆ ಹೆಸರಿಡುತ್ತಿದ್ದರು, ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಸಂಜೆಯ ಬಸ್ಸಿಗೆ ವಾಪಸು. ಬಸ್ಸು ಹತ್ತುವ ಮುಂಚೆ ಹಣೆಗೆ ವಿಭೂತಿ ಹಚ್ಚಿಕೊಳ್ಳುವುದನ್ನು ಮರೆಯುತ್ತಿರಲಿಲ್ಲ, ನಿಮಗೆ ತೋರಿಸಲಿಕ್ಕೆ.

ಮೊನ್ನೆ ಸೋಮವಾರ ಹತ್ತು ಗಂಟೆಗೆ ಪ್ರೆಸ್ಸಿನ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾಯಿತು. ನಾನು ಎದ್ದು ನಿಂತೆ. ಬಿಲ್ ಪುಸ್ತಕ ಮಾಡಿಸಲು ಬಂದವರು ಯಾರೋ. ನನಗೆ ಅವರು ಬೇಕಿತ್ತು, ಅಷ್ಟೇ. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಈಗ ಅವರು ತೀರಿಕೊಂಡ ಶನಿವಾರದ ಮಾತಿಗೆ ಬರುತ್ತೇನೆ. ಅವರನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಬಂದು ಹೆಂಗಸರ ಹಿಂದೆ ಕಾಂಪೌಂಡಿನ ಪಕ್ಕ ನಿಂತಿದ್ದೆ. ನೀವು ನೋಡಿದಿರಿ, ನೋಡದವರಂತೆ ಆಚೆ ತಿರುಗಿದಿರಿ. ಅದಕ್ಕೆ ನನಗೇನೂ ಬೇಸರವಿಲ್ಲ. ಆದರೆ ನೆಂಟರ ಮುಂದೆ ನೀವು ಆಡಿದ ಮಾತು ನನ್ನ ಕಿವಿಗೆ ಬಿತ್ತು. "ಅವ್ವ ಒಳ್ಳೇಳೇ. ಆದ್ರೆ ನನ್ ಸಂಸಾರ ಹಾಳಾಗಿದ್ದು ಈ ಬಾಯಿಂದ್ಲೇ. ಇದ್ದ ಹೆಂಡ್ತೀನ ಓಡಿಸಿದ್ಲು, ಬರೋಳ್ನ ತಪ್ಪಿಸಿದ್ಲು." ಎಲ್ಲರೂ ತಲೆಯಾಡಿಸಿದರು. ಆ ಬಾಯಿ ಅಲ್ಲೇ ಮುಚ್ಚಿಕೊಂಡು ಕೂತಿತ್ತು, ಅದಕ್ಕೇ ನಿಮಗೆ ಅಷ್ಟು ಧೈರ್ಯ ಬಂದದ್ದು. ನಾಲ್ಕು ದಿನದಿಂದ ಆ ಸಿಟ್ಟು ನನ್ನ ಹೊಟ್ಟೆಯಲ್ಲಿ ಕೂತಿದೆ.

ಆದ್ದರಿಂದ ಹೇಳುತ್ತಿದ್ದೇನೆ, ಕೇಳಿ. 2010ರ ಆಯುಧಪೂಜೆಯ ಬೆಳಗ್ಗೆ. ನೀವು ವೈಂಡಿಂಗ್ ಅಂಗಡಿಯಲ್ಲಿ ಮೋಟರುಗಳನ್ನು ಒರೆಸಿಡಲು ಹೋಗಿದ್ದಿರಿ. ಸ್ಕೂಟರ್ ತೊಳೆಯುವುದು ಅವರ ಪಾಲಿನ ಕೆಲಸ. ಬೇರೆ ಯಾರು ತೊಳೆದರೂ ಅವರಿಗೆ ಸಮಾಧಾನವಿಲ್ಲ. ಡಿಕ್ಕಿಗೆ ನೀರು ಹೋಗದಿರಲೆಂದು ಒಳಗಿನ ಸಾಮಾನು ತೆಗೆದಿಡುವಾಗ, ಆರ್.ಸಿ. ಪುಸ್ತಕದ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಕಾಗದ ಸಿಕ್ಕಿತು. ಮೇಲೆ ಲ್ಯಾಬಿನ ಮುದ್ರೆ, ಉಳಿದದ್ದೆಲ್ಲ ಇಂಗ್ಲಿಷ್. ಮಾವ ಹೋದದ್ದೂ ಅಂಥದೇ ಒಂದು ಕಾಗದ ಬಂದ ಮೂರು ತಿಂಗಳಿಗೆ. ಅವರು ಒದ್ದೆ ಸೀರೆಯಲ್ಲೇ ಅಡುಗೆಮನೆಗೆ ಓಡಿಬಂದರು. "ಸರಸೂ, ನನ್ ಮಗನಿಗೆ ಏನೋ ಆಗೈತೆ ಕಣೇ. ನಮ್ಗೆ ಹೇಳ್ದೆ ಮುಚ್ಚಿಟ್ಟಿದಾನೆ. ಏನ್ ಬರ್ದೈತೆ, ಬೇಗ ಓದಿ ಹೇಳು."

ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಇದ್ದೆ. ನೀವು ಅದನ್ನು ಯಾರ ಕಣ್ಣಿಗೆ ಬೀಳದಿರಲೆಂದು ಬಚ್ಚಿಟ್ಟಿದ್ದಿರೋ ಅವಳ ಕೈಗೇ ಅವರು ತಂದುಕೊಟ್ಟರು. ನಾನು ಒಲೆ ಆರಿಸಿ, ನೆಲದ ಮೇಲೆ ಕೂತು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ನಿಮ್ಮಿಂದ ಮಕ್ಕಳಾಗುವುದಿಲ್ಲ ಎಂಬುದು ಅದರಲ್ಲಿದ್ದ ವಿಷಯ. ಅವರು ಮೊದಲು ಕೇಳಿದ್ದು, "ಹಂಗಾದ್ರೆ ಜೀವಕ್ಕೇನೂ ಇಲ್ವಲ್ಲ?" ಇಲ್ಲ ಎಂದೆ. "ಸದ್ಯ, ಶಿವನೇ," ಎಂದು ಗೋಡೆಗೆ ಒರಗಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು.

ಕಾಗದದ ಮೇಲಿನ ದಿನಾಂಕ 2009ರ ಮಾರ್ಚ್ ತಿಂಗಳದು. ಮಕ್ಕಳಾಗಲಿಲ್ಲ ಎಂದು ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಅದು ಯಾರ ಕೈಯಲ್ಲೂ ಇಲ್ಲದ್ದು. ನಾಚಿಕೆಗೋ ಹೆದರಿಕೆಗೋ ಮುಚ್ಚಿಟ್ಟಿರಿ, ಅದನ್ನೂ ನುಂಗಿಕೊಳ್ಳಬಹುದು. ಆದರೆ ಆ ದಿನಾಂಕವಾದ ಮೇಲೆ, ಎಲ್ಲ ಗೊತ್ತಿದ್ದೂ, ನೀವು ನನ್ನನ್ನು ಅದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಹನ್ನೊಂದು ಸಲ ಹೊಟ್ಟೆಗೆ ಸೂಜಿ ಚುಚ್ಚಿಸಿದಿರಿ. ನಾಟಿ ಔಷಧಿ ಕುಡಿಸಿದಿರಿ. ನಾನು ವಾಂತಿ ಮಾಡಿಕೊಂಡಾಗ ಬೆನ್ನು ಸವರಿದಿರಿ. ಸಾಲದ್ದಕ್ಕೆ ಆಯನೂರಿನಲ್ಲಿ ಹೆಣ್ಣಿದೆ, ಇವಳಿಂದ ಬಿಡುಗಡೆ ತಗೊಂಡು ಅದನ್ನು ಮಾಡಿಕೋ ಎಂದು ನೆಂಟರು ಹೇಳಿದಾಗ ಬೇಡ ಎನ್ನದೆ ಕೂತಿರಿ. ಬೆನ್ನು ಸವರಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವರು ಆ ಕಾಗದವನ್ನು ಇದ್ದ ಹಾಗೆಯೇ ಮಡಿಸಿ, ಕವರಿಗೆ ಹಾಕಿ, ಆರ್.ಸಿ. ಪುಸ್ತಕದ ಕೆಳಗೆ ಇಟ್ಟರು. ಸ್ಕೂಟರಿಗೆ ಚೆಂಡುಹೂವಿನ ಹಾರ ಹಾಕಿದರು. ನೀವು ಬಂದು ಕಾಯಿ ಒಡೆದಿರಿ. ಮೂರು ದಿನ ಅವರು ಎಲ್ಲರಿಗೂ ಬಡಿಸಿದರು, ತಾವು ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ನೀವು ಅಂಗಡಿಗೆ ಹೋದಮೇಲೆ ನನ್ನನ್ನು ಕರೆದರು. "ಅವನ್ನ ಕೇಳಿದ್ರೆ ಸುಳ್ಳು ಹೇಳ್ತಾನೆ. ಸುಳ್ಳು ಹೇಳೋ ಮಗನ ಮುಖ ನೋಡಕ್ಕೆ ನನ್ ಕೈಲಾಗಲ್ಲ. ನೀನಿಲ್ಲಿದ್ರೆ ಇನ್ನೂ ಏನೇನು ಕುಡಿಸ್ತಾರೋ. ನಡಿ, ನಿನ್ ಬದುಕು ನೋಡ್ಕೊ." ಎಲ್ಲಿಗೆ ಹೋಗಲಿ ಅತ್ತೆ ಎಂದು ಕಣ್ಣೀರಿಟ್ಟೆ. ನನಗೆ ತವರಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು, ಅಣ್ಣನ ಮನೆಯಲ್ಲಿ ನನಗೆ ಒಂದು ಲೋಟ ನೀರು ಕೊಡುವವರಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಆಗ ಅವರು ಮಾಡಿದ್ದನ್ನು ನಮ್ಮ ಜನರಲ್ಲಿ ಯಾವ ಅತ್ತೆಯೂ ಸೊಸೆಗೆ ಮಾಡುವುದಿಲ್ಲ. ಮಣೆ ಹಾಕಿ ಕೂರಿಸಿ ನನಗೆ ಮಡಿಲಕ್ಕಿ ತುಂಬಿದರು. ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಅರಿಶಿನಕೊಂಬು, ಎಲೆ ಅಡಿಕೆ, ತಮ್ಮ ಟ್ರಂಕಿನಲ್ಲಿದ್ದ ಒಂದು ಹೊಸ ರವಿಕೆ ಕಣ. ತವರಿನವರು ಮಗಳನ್ನು ಕಳಿಸುವಾಗ ಮಾಡುವುದನ್ನು ಗಂಡನ ಮನೆಯಿಂದ ಹೊರಡುವವಳಿಗೆ ಮಾಡಿದರು. ಅದೂ ಮುತ್ತೈದೆಯರನ್ನು ಯಾರನ್ನೂ ಕರೆಯದೆ, ತಾವೇ. ಗಂಡ ಇಲ್ಲದವರು ತುಂಬಬಾರದಲ್ಲವಾ ಎಂದು ನಾನು ಹೆದರಿಕೊಂಡು ಕೇಳಿದೆ. "ಮಗಳಿಗೆ ಅವ್ವ ತುಂಬಕ್ಕೆ ಯಾರಪ್ಪನ ಅಪ್ಪಣೆ ಬೇಕೇ? ಸುಮ್ನೆ ಸೆರಗೊಡ್ಡು," ಎಂದು ಗದರಿದರು. ಆವತ್ತಿನಿಂದ ನಾನು ಅವರನ್ನು ಅತ್ತೆ ಎಂದು ಕರೆದಿಲ್ಲ. ಅವ್ವ ಎಂದೇ ಕರೆದೆ.

ಮಡಿಲು ಕಟ್ಟಿಕೊಂಡ ನನ್ನನ್ನು ಬಸ್ಸು ಹತ್ತಿಸಿಕೊಂಡು ಹರಿಪ್ರಸಾದರ ಮುಂದೆ ತಂದು ನಿಲ್ಲಿಸಿದರು. "ನನ್ ಮಗಳು. ಬಿ.ಎ. ಓದವ್ಳೆ. ಎರಡು ವರ್ಷ ಉಪ್ಪಿಲ್ಲ ಖಾರ ಇಲ್ಲ ಅಂತ ನನ್ ತಲೆ ತಿಂದಿದ್ಯ, ಈಗ ಎದುರು ಮಾತಾಡ್ದೆ ಕೆಲಸ ಕೊಡು," ಎಂದರು. ಅವರು ಕೊಟ್ಟರು. ಸಂಜೆ ನೀವು ಮನೆಗೆ ಬಂದಾಗ ಅವ್ವ ನಿಮಗೆ ಏನು ಹೇಳಿದರು ಎಂಬುದು ನಿಮಗೂ ನೆನಪಿದೆ, ಇಡೀ ಬೀದಿಗೂ ನೆನಪಿದೆ. "ಮಕ್ಕಳಾಗ್ದೋಳು ನನ್ ಮನೇಲಿ ಯಾಕೆ? ನಾನೇ ಓಡಿಸ್ದೆ." ನೀವು ಒಂದು ಮಾತು ಕೇಳಬಹುದಿತ್ತು. ನನ್ನನ್ನು ಹುಡುಕಿಕೊಂಡು ಒಂದು ಸಲ ಬರಬಹುದಿತ್ತು. ಶಿವಮೊಗ್ಗ ಎಷ್ಟು ದೂರ, ಹೇಳಿ. ನೀವು ಬರಲಿಲ್ಲ, ಏಕೆಂದರೆ ಆ ಮಾತು ನಿಮಗೆ ಅನುಕೂಲವಾಗಿತ್ತು. ತಪ್ಪು ನನ್ನ ಹೊಟ್ಟೆಯದಾಯಿತು, ಕೆಟ್ಟ ಹೆಸರು ಅವ್ವನ ಬಾಯಿಗಾಯಿತು, ನೀವು ಪಾಪದವರಾದಿರಿ.

ಇನ್ನು ಆಯನೂರು. ಹೆಣ್ಣು ನೋಡಲು ಅವ್ವ ಸುವರ್ಣಳನ್ನು ಕರೆದುಕೊಂಡು ಹೋಗಿ, ಅಲ್ಲಿ ರಂಪ ಮಾಡಿ ಸಂಬಂಧ ಕೆಡಿಸಿದರು ಎಂದು ಇಂದಿಗೂ ಹಲ್ಲು ಕಡಿಯುತ್ತೀರಿ. ರಂಪ ಮಾಡಿದ್ದು ನಿಜ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ತಳ್ಳಿ, ಗೋಡೆಗೆ ಬಳಿಯಲು ಮಾಡಿದ್ದಾ ಎಂದು ಕೇಳಿದರಂತೆ. ಹುಡುಗಿಗೆ ಒಳಕಲ್ಲಿನ ಗುಂಡು ಎತ್ತಿ ತೋರಿಸು ಎಂದರಂತೆ. ನನ್ನ ಮನೆಯಲ್ಲಿ ಸೊಸೆ ನಾನು ಮಲಗಿದ ಮೇಲೆ ಮಲಗಬೇಕು, ನಾನು ಏಳುವ ಮುಂಚೆ ಏಳಬೇಕು, ಮೊದಲನೆಯವಳನ್ನು ಓಡಿಸಿದವಳು ನಾನೇ ಎಂದು ಎದೆ ತಟ್ಟಿಕೊಂಡು ಹೇಳಿದರಂತೆ. ಹುಡುಗಿಯ ತಾಯಿ, ಕೈ ಮುಗಿದು, ತಂದ ಹೂವು ಹಣ್ಣು ವಾಪಸು ಕೊಟ್ಟು ಕಳಿಸಿದಳು. ಅವ್ವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಸುವರ್ಣ ಬಸ್ಸಿನಲ್ಲಿ ಅತ್ತಳಂತೆ.

ಮುಂದಿನ ಸೋಮವಾರ ಅವ್ವ ಅದನ್ನೆಲ್ಲ ನನ್ನ ಮುಂದೆ ಅಭಿನಯಿಸಿ ತೋರಿಸಿದರು. ಬಿದ್ದು ಬಿದ್ದು ನಕ್ಕೆವು. ನಕ್ಕು ಸಾಕಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು. "ಒಳ್ಳೇ ಹುಡ್ಗಿ ಕಣೇ. ಉಪ್ಪಿಟ್ಟೂ ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕಿಸ್ಕೊಬೇಕು ಅನ್ನಿಸ್ತು. ಇನ್ನೊಬ್ರು ಮನೆ ಮಗಳ ಹೊಟ್ಟೆಗೂ ಸೂಜಿ ಚುಚ್ಚಿಸೋದ್ ಬ್ಯಾಡ ಅಂತ ಬಿಟ್ ಬಂದೆ." ನೀವು ಬಾಯಿ ಎನ್ನುತ್ತೀರಲ್ಲ, ಆ ಬಾಯಿ ಅಂಥದು. ಒಂದು ಹುಡುಗಿಯನ್ನು ಉಳಿಸಲು ತಾನೇ ಕೆಟ್ಟವಳಾಗಿ ಕುಣಿದು ಬಂದ ಬಾಯಿ.

ಆದ್ದರಿಂದ ಅಡ್ಡ ಇದ್ದದ್ದು ಅವ್ವ ಎಂಬ ಮಾತನ್ನು ಇನ್ನು ಯಾರ ಹತ್ತಿರವೂ ಆಡಬೇಡಿ. ನನ್ನ ಹತ್ತಿರವಂತೂ ಬೇಡವೇ ಬೇಡ. ನಾನು ಬರುವುದಿಲ್ಲ. ಅವ್ವ ಇದ್ದರೂ ಬರುತ್ತಿರಲಿಲ್ಲ, ಇಲ್ಲದಿದ್ದರೂ ಬರುವುದಿಲ್ಲ. ನಿಮ್ಮ ಮೇಲೆ ದ್ವೇಷ ಇಟ್ಟುಕೊಂಡು ಹೇಳುತ್ತಿಲ್ಲ. ನಲವತ್ತೆಂಟು ವರ್ಷವಾಯಿತು ನನಗೆ. ಎರಡು ಕೋಣೆಯ ಮನೆ ಇದೆ, ನನಗೆ ಬರುವ ಕೆಲಸ ಇದೆ, ಬೆಳಗ್ಗೆ ಎದ್ದರೆ ಯಾರಿಗೂ ಹೆದರಬೇಕಾದ್ದಿಲ್ಲ. ಇದನ್ನು ಕಟ್ಟಿಕೊಟ್ಟವರು ಅವ್ವ. ಅವರು ಹೋದ ಐದನೇ ದಿನಕ್ಕೆ ಅದನ್ನು ಬಿಟ್ಟು ಬಂದರೆ ಅವರು ಸಮಾಧಿಯಿಂದಲೇ ಬೈಯುತ್ತಾರೆ.

ಕಾರ್ಡಿನ ಕೆಲಸ ಮುಗಿಸಿದ್ದೇನೆ. "ಗೃಹಿಣಿ" ಎಂದಿದ್ದ ಕಡೆ "ಹದಿನೆಂಟು ವರ್ಷ ದಿನಕ್ಕೆ ನಲವತ್ತು ಜನರಿಗೆ ಅನ್ನವಿಟ್ಟವರು" ಎಂದು ಹಾಕಿದ್ದೇನೆ. "ಮಗ", "ಸೊಸೆ" ಎಂಬ ಎರಡು ಸಾಲು ತೆಗೆದು, "ಮಕ್ಕಳು: ಮಲ್ಲೇಶ್, ಸುವರ್ಣ, ಸರಸ್ವತಿ" ಎಂದು ಒಂದೇ ಸಾಲು ಹಾಕಿದ್ದೇನೆ. ಸುವರ್ಣಳಿಗೆ ಕಾರಣ ಹೇಳಿಲ್ಲ, ಮಡಿಲು ತುಂಬಿದ್ದನ್ನು ಮಾತ್ರ ಹೇಳಿದೆ. ಅವಳು ಸ್ವಲ್ಪ ಹೊತ್ತು ಅತ್ತು, "ನನ್ ಹೆಸರಿನ ಪಕ್ಕದಲ್ಲೇ ಹಾಕ್ಕೋ," ಎಂದಳು. ಗಂಡನೂ ಹೆಂಡತಿಯೂ ಒಬ್ಬಳ ಮಕ್ಕಳು ಹೇಗೆ ಎಂದು ಜನ ಕೇಳುತ್ತಾರೆ. ಕೇಳಲಿ. ಅವ್ವ ಅವಳಿಗೆ ಮಡಿಲಕ್ಕಿ ತುಂಬಿ ಕಳಿಸಿದ್ದರು ಎಂದು ಹೇಳಿ, ನಮ್ಮ ಕಡೆಯವರಿಗೆ ಅಷ್ಟು ಸಾಕು. ಹಾಗಾದರೆ ನಾನು ನಿಮಗೆ ಏನಾಗಬೇಕು ಎಂದು ಮಾತ್ರ ದಯವಿಟ್ಟು ಯೋಚಿಸಲು ಹೋಗಬೇಡಿ. ಯೋಚಿಸಿದರೆ ನನಗೂ ನಗು ಬರುತ್ತದೆ.

ಇನ್ನೂರೈವತ್ತು ಕಾರ್ಡೂ ಅಚ್ಚಾಗಿವೆ. ಈ ಕವರಿನ ಜೊತೆ ಸುವರ್ಣ ತರುತ್ತಾಳೆ. ನಿಮಗೆ ಒಪ್ಪಿಗೆಯಾಗದಿದ್ದರೆ ಬೇರೆ ಪ್ರೆಸ್ಸಿನಲ್ಲಿ ಬೇರೆ ಮಾಡಿಸಿ, ನಾನು ತಡೆಯಲು ಬರುವುದಿಲ್ಲ. ಆದರೆ ಒಂದನ್ನು ಕೇಳಿಕೊಳ್ಳುತ್ತೇನೆ. ಸೋಮವಾರ ಜಂಗಮರ ಊಟವಾದ ಮೇಲೆ, ಶನಿವಾರ ಯಾರ ಮುಂದೆ ಆ ಮಾತು ಆಡಿದಿರೋ ಅವರ ಮುಂದೆಯೇ, ನನ್ನ ಸಂಸಾರ ಹಾಳಾದದ್ದು ಅವ್ವನಿಂದಲ್ಲ ಎಂದು ಒಂದೇ ಒಂದು ಮಾತು ಹೇಳಿ. ಕಾರಣ ಹೇಳಬೇಕಾಗಿಲ್ಲ. ನಿಮ್ಮ ಗುಟ್ಟು ನಿಮ್ಮದೇ ಆಗಿರಲಿ, ಈ ಕಾಗದವನ್ನೂ ಓದಿ ಹರಿದು ಹಾಕಿ. ನಾನು ಬಂದು ಮುಂದಿನ ಸಾಲಿನಲ್ಲಿ, ಸುವರ್ಣಳ ಪಕ್ಕ ಕೂರುತ್ತೇನೆ. ನೀವು ಹೇಳುವುದನ್ನು ಕೇಳಿಸಿಕೊಳ್ಳಬೇಕು ನನಗೆ.

ಇಷ್ಟೇ. ಬಿ.ಪಿ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ನೆನಪಿಸಲು ಈಗ ಅವ್ವ ಇಲ್ಲ.

ಇಂತಿ,
ಸರಸ್ವತಿ

ಮರೆತು ಉಳಿದದ್ದು: ಇದನ್ನೆಲ್ಲ ನಿಮಗೆ ಹೇಳಬಾರದೆಂದು ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ತಮ್ಮ ಕೊರಳಿನ ಲಿಂಗವನ್ನು ನನ್ನ ಅಂಗೈಯಲ್ಲಿಟ್ಟು ಆಣೆ ಹಾಕಿಸಿದರು. ನಿಮ್ಮ ಬಾಯಿಂದ ಅಷ್ಟು ಬೈಗುಳ ಯಾಕೆ ತಿನ್ನುತ್ತೀಯವ್ವಾ, ಹೇಳಿಬಿಡೋಣ ಎಂದು ನಾನು ಎಷ್ಟೋ ಸೋಮವಾರ ಹೇಳಿದ್ದೆ. ಪ್ರತಿ ಸಲವೂ ಒಂದೇ ಉತ್ತರ. "ನನಗೆ ಗೊತ್ತೈತೆ ಅಂತ ಅವನಿಗೆ ಗೊತ್ತಾದ್ರೆ ನಾಚ್ಕೆಗೆ ನನ್ ಮುಂದೆ ತಟ್ಟೆ ಇಟ್ಕೊಂಡು ಕೂರಲ್ಲ. ಆಚೆ ಎಲ್ಲೋ ಉಂಡ್ಕೊಂಡು ಬರ್ತಾನೆ. ಬೈಯ್ಲಿ ಬಿಡು." ಹದಿನಾಲ್ಕು ವರ್ಷ ಅವರನ್ನು ಬೈದಿರಿ, ಆದರೆ ಒಂದು ಹೊತ್ತೂ ಅವರು ಬಡಿಸಿದ್ದನ್ನು ಬಿಟ್ಟು ಏಳಲಿಲ್ಲ. ಅವ್ವನಿಗೆ ಅಷ್ಟೇ ಬೇಕಾಗಿತ್ತು.